ಹುಟ್ಟಿದ ತಾರೀಖು ಕಡ್ಡಾಯ

ತಾರೀಖಿನ ಮಧ್ಯೆ ಓರೆ ಗೆರೆ ಇರಬೇಕೋ ಅಡ್ಡ ಗೆರೆ ಇರಬೇಕೋ ಎಂಬ ವಿಷಯದ ಮೇಲೆ ನಾಲ್ಕು ಜನ ಓದಿದವರು ಒಂದು ಗಂಟೆ ಹತ್ತು ನಿಮಿಷ ಮಾತಾಡಬಲ್ಲರು ಎಂದು ಯಾರಾದರೂ ಹೇಳಿದ್ದರೆ ಜಲಜಾ ನಂಬುತ್ತಿರಲಿಲ್ಲ. ಆದರೆ ಆ ನಾಲ್ವರಲ್ಲಿ ಅವಳೂ ಒಬ್ಬಳು, ಗಡಿಯಾರವೂ ಎದುರಿಗೇ ಇತ್ತು. ಇಂದಿರಾನಗರದ ನೂರಡಿ ರಸ್ತೆಯ ಹಿಂಬದಿಯ ಒಂದು ಕಟ್ಟಡ, ಅದರ ಮೂರನೇ ಮಹಡಿಯಲ್ಲಿ ಗಾಜಿನ ಕೋಣೆ. ಗೋಡೆಯ ಪರದೆಯ ಮೇಲೆ ಒಂದೇ ಒಂದು ಖಾಲಿ ಚೌಕ. ಅದರ ತಲೆಯ ಮೇಲೆ 'ಹುಟ್ಟಿದ ತಾರೀಖು' ಎಂಬ ಹೆಸರು, ಹೆಸರಿನ ಪಕ್ಕದಲ್ಲಿ ಕೆಂಪು ನಕ್ಷತ್ರ. ಆ ನಕ್ಷತ್ರದ ಅರ್ಥ, ಇದನ್ನು ತುಂಬದೆ ಮುಂದಕ್ಕೆ ಹೋಗುವಂತಿಲ್ಲ ಎಂದು.

ಸಣ್ಣ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಮೊದಲ ಗಿರಾಕಿ ಹಲಸೂರಿನ ಒಂದು ಟ್ರಸ್ಟ್‌ನವರ ಕಣ್ಣಾಸ್ಪತ್ರೆ. ವಿಮಾನಪುರದ ಕಾರ್ಖಾನೆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾಗಿದ್ದ ಜಲಜಾಳನ್ನು ಅವರು ಕರೆದು ಕೂರಿಸಿಕೊಂಡಿದ್ದು, ಆಸ್ಪತ್ರೆ ಎಂದರೆ ಏನು, ಚೀಟಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಗರಿಗೆ ಹೇಳಿಕೊಡಲಿ ಎಂದು. ಎಂಟು ತಿಂಗಳಿಂದ ಅವಳು ಹೇಳುತ್ತಲೇ ಇದ್ದಳು. ಅವರು ಕೇಳಿಸಿಕೊಳ್ಳುತ್ತಲೂ ಇದ್ದರು, ಬಹಳ ಮರ್ಯಾದೆಯಿಂದ.

"ತಿಂಗಳು ಮೊದ್ಲು ಬರ್ಲಿ," ಅನ್ನುತ್ತಿದ್ದ ಭಾರ್ಗವ್. ಈ ಸಾಫ್ಟ್‌ವೇರಿಗೆ ಅವನೇ ಯಜಮಾನ, ವಯಸ್ಸು ಮೂವತ್ತನಾಲ್ಕು. "ನಾಳೆ ಹೊರದೇಶದಲ್ಲೂ ಮಾರ್ಬೇಕಲ್ಲ."

"ಇಲ್ಲಿನ ಜನ ತಾರೀಖನ್ನೇ ಮೊದ್ಲು ಹೇಳೋದು. ಐದು ಆರು ಅಂದ್ರೆ ಜೂನೋ ಮೇಯೋ ಗೊಂದಲ ಆಗುತ್ತೆ. ತಿಂಗಳನ್ನ ಅಕ್ಷರದಲ್ಲಿ ಹಾಕೋಣ," ಎಂದಳು ಆಶ್ರಿತಾ. ಪರದೆಯ ಚಿತ್ರ ಬರೆಯುವುದು ಅವಳ ಕೆಲಸ. ಚೌಕವನ್ನು ಒತ್ತಿದರೆ ತಿಳಿನೀಲಿ ಬಣ್ಣದ ಪುಟ್ಟ ಕ್ಯಾಲೆಂಡರ್ ಅರಳುವಂತೆ ಮಾಡಿದ್ದಳು. ನೋಡಲು ಚೆಂದವಾಗಿತ್ತು. ಆದರೆ ಅದು ಅರಳುತ್ತಿದ್ದುದು ಇವತ್ತಿನ ತಿಂಗಳಿಗೆ. ಅರವತ್ತು ವರ್ಷದವರ ತಿಂಗಳಿಗೆ ಹೋಗಬೇಕಾದರೆ ಏಳುನೂರು ಸಲ ಹಿಂದಕ್ಕೆ ಒತ್ತಬೇಕಿತ್ತು. ಪ್ರೋಗ್ರಾಂ ಬರೆಯುವ ಸಕ್ಲೇನ್, ಒಳಗಡೆ ಹೇಗೂ ವರ್ಷವೇ ಮೊದಲು ಇರುತ್ತದೆ, ಹೊರಗೆ ನೀವು ಏನು ಬೇಕಾದರೂ ತೋರಿಸಿಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದ.

ಜಲಜಾ ಕಾದಳು. ಯಾರಾದರೂ ಕೇಳಬೇಕಾದದ್ದನ್ನು ಕೇಳುತ್ತಾರೇನೋ ಎಂದು ನೋಡಿದಳು. ಯಾರೂ ಕೇಳಲಿಲ್ಲ.

"ತಾರೀಖೇ ಗೊತ್ತಿಲ್ದಿದ್ರೆ?" ಎಂದಳು.

ಭಾರ್ಗವ್ ನಕ್ಕ. "ಹುಟ್ಟಿದ ತಾರೀಖು ಮೇಡಂ. ಎಲ್ರಿಗೂ ಒಂದು ಇದ್ದೇ ಇರುತ್ತಲ್ಲ."

"ಹುಟ್ಟಿರೋದು ಎಲ್ರೂ ಹುಟ್ಟಿರ್ತಾರೆ. ಬರೆದಿಟ್ಕೊಂಡೋರು ಯಾರು? ಆ ಆಸ್ಪತ್ರೆಗೆ ಬರೋರು ಮರ್ಫಿ ಟೌನು, ಹಲಸೂರು, ಲಿಂಗರಾಜಪುರ, ಕೆ.ಆರ್. ಪುರದ ಆಚೆ ಹಳ್ಳಿಗಳ ವಯಸ್ಸಾದೋರು. ಎಷ್ಟೋ ಜನರ ಆಧಾರ್ ಕಾರ್ಡಲ್ಲೇ ವರ್ಷ ಮಾತ್ರ ಇದೆ. ಗೌರ್ಮೆಂಟೇ ಒಪ್ಕೊಂಡಿದೆ, ನಮಗೇನು ಕಷ್ಟ?"

ಮತ್ತೆ ಅವಳು ರಾಮು ಅವರ ವಿಷಯ ಹೇಳಿದಳು. ರಾಮು ಎಂದರೆ ವಿಮಾನಪುರದ ರೆಕಾರ್ಡ್ ರೂಮಿನ ಹೆಡ್ ಕ್ಲರ್ಕ್, ಅವಳಿಗೆ ಕೆಲಸ ಕಲಿಸಿದವರು. ರೋಗಿಗೆ ತಾರೀಖು ಗೊತ್ತಿಲ್ಲದಿದ್ದರೆ ರಿಜಿಸ್ಟರಿನಲ್ಲಿ ವರ್ಷ ಬರೆದು, ಅದರ ಹಿಂದೆ ಕೆಂಪು ಶಾಯಿಯಲ್ಲಿ 'ಅಂ.' ಎಂದು ಬರೆಯಬೇಕು. ಅಂದಾಜು ಎಂದು ಅರ್ಥ. ಆ ಕೆಂಪು ಅಕ್ಷರ ಕಂಡ ಕೂಡಲೇ ಡಾಕ್ಟರಿಂದ ಹಿಡಿದು ಔಷಧಿ ಕೊಡುವವನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು, ಈ ವಯಸ್ಸನ್ನು ನೆಚ್ಚಿಕೊಳ್ಳಬಾರದು, ಗುರುತಿಗೆ ಬೇರೆ ಏನಾದರೂ ಕೇಳಬೇಕು ಎಂದು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆದವನನ್ನು ರಾಮು ಎಲ್ಲರ ಎದುರಿಗೇ ನಿಲ್ಲಿಸಿ ಬೈಯುತ್ತಿದ್ದರು.

"ವರ್ಷಕ್ಕೊಂದು, ತಿಂಗಳಿಗೊಂದು, ದಿನಕ್ಕೊಂದು, ಹೀಗೆ ಮೂರು ಚೌಕ ಕೊಡಿ," ಎಂದಳು ಜಲಜಾ. "ವರ್ಷ ಒಂದೇ ಕಡ್ಡಾಯ ಮಾಡಿ. ಪಕ್ಕದಲ್ಲಿ ಅಂದಾಜು ಅಂತ ಟಿಕ್ ಹಾಕೋಕೆ ಜಾಗ ಬಿಡಿ. ಅಷ್ಟೇ ನಾನು ಕೇಳೋದು."

"ಗುಡ್ ಪಾಯಿಂಟ್ ಮೇಡಂ," ಎಂದ ಭಾರ್ಗವ್. "ಆದ್ರೆ ಅದು ಎಡ್ಜ್ ಕೇಸ್. ನೂರಕ್ಕೆ ಒಬ್ರೋ ಇಬ್ರೋ. ಅವ್ರಿಗೋಸ್ಕರ ಖಾಲಿ ಬಿಡೋಕೆ ಅವಕಾಶ ಕೊಟ್ರೆ ಎಲ್ರೂ ಖಾಲಿ ಬಿಡ್ತಾರೆ. ಡೇಟಾ ಕ್ಲೀನ್ ಇರ್ಬೇಕು."

ನೂರಕ್ಕೆ ಒಬ್ಬರೋ ಇಬ್ಬರೋ! ಇವನು ಆ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದಾನೆಯೇ? ಅವಳಿಗೆ ಮೈ ಉರಿಯಿತು. ಆದರೆ 'ಗುಡ್ ಪಾಯಿಂಟ್' ಅನ್ನಿಸಿಕೊಂಡ ಮೇಲೆ ಮತ್ತೆ ಬಾಯಿ ತೆರೆಯುವುದು ಆ ಕೋಣೆಯ ಪದ್ಧತಿಯಲ್ಲ. ಕೊನೆಗೆ ತೀರ್ಮಾನವಾದದ್ದು ಓರೆ ಗೆರೆ, ತಾರೀಖು ಮೊದಲು. ಕೆಂಪು ನಕ್ಷತ್ರ ಹಾಗೇ ಉಳಿಯಿತು.

ಡಿಸೆಂಬರ್ ಮೊದಲ ವಾರ ಹಲಸೂರಿನ ಆಸ್ಪತ್ರೆಯಲ್ಲಿ ಸಾಫ್ಟ್‌ವೇರ್ ಶುರುವಾಯಿತು. ಕೌಂಟರಿನವರಿಗೆ ಕಲಿಸಲು ಹೋದವಳು ಜಲಜಾ. ಕೌಂಟರಿನಲ್ಲಿದ್ದವನು ಮಧುಕರ್, ಚುರುಕಿನ ಯುವಕ, ಬೆರಳು ಓಡುತ್ತಿದ್ದವು. ಮೊದಲ ದಿನ, ಮೊದಲ ಅರ್ಧ ಗಂಟೆಯಲ್ಲೇ ಬೆರಳು ನಿಂತವು.

"ಮೇಡಂ, ಇವ್ರು ಚೀನಾ ಯುದ್ಧದ ವರ್ಷ ಅಂತಾರೆ. ಅರವತ್ತೆರಡು ಅಂತ ಹಾಕಿದ್ರೆ ತಗೋತಿಲ್ಲ. ಪೂರ್ತಿ ತಾರೀಖು ಕೇಳ್ತಿದೆ."

ಅವರೊಬ್ಬರೇ ಅಲ್ಲ. ಮಿಲಿಟರಿಯವರ ನಡುವೆ ಬೆಳೆದ ಊರಿನ ಭಾಗ ಅದು. ಚೀನಾ ಯುದ್ಧದ ವರ್ಷ ಹುಟ್ಟಿದವರು, ಪಾಕಿಸ್ತಾನದ ಯುದ್ಧದ ವರ್ಷ ಹುಟ್ಟಿದವರು, ಸಾಲಿನಲ್ಲಿ ಇಂಥವರೇ ತುಂಬಿದ್ದರು. ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಬೆಳೆದಿತ್ತು. ಕಣ್ಣು ಕಾಣದವರು ಒಬ್ಬರ ಹೆಗಲನ್ನು ಒಬ್ಬರು ಹಿಡಿದು ನಿಂತಿದ್ದರು. ಮೂವತ್ತೊಂದು ವರ್ಷದಲ್ಲಿ ಜಲಜಾಗೆ ಸಹಿಸಲಾಗದ ಒಂದು ವಸ್ತುವಿದ್ದರೆ ಅದು ನಿಂತ ಸಾಲು.

"ಒಂದನೇ ತಿಂಗಳು, ಒಂದನೇ ತಾರೀಖು ಹಾಕ್ಬಿಡಿ," ಎಂದಳು. "ವರ್ಷ ಸರಿಯಿದ್ರೆ ಸಾಕು. ಜನ ನಿಂತಿದಾರೆ."

ಮಧುಕರ್ ಹಾಕಿದ. ಸಾಲು ಸರಿಯಿತು. ಆಸ್ಪತ್ರೆಯವರು ಸೆಪ್ಟೆಂಬರಿನಲ್ಲಿ ನಡೆಸಿದ್ದ ಕಣ್ಣು ತಪಾಸಣೆಯ ಕ್ಯಾಂಪಿನಲ್ಲಿ ಕಾಗದದ ಮೇಲೆ ಹೆಸರು ಬರೆಸಿದ್ದವರನ್ನೂ ಅವನು ಅದೇ ರೀತಿ ಏರಿಸಿದ. ಆ ಸಂಜೆ ಮೆಟ್ರೋದಲ್ಲಿ ಕೂತಾಗ ಅವಳಿಗೆ ರಾಮು ಅವರ ಮುಖ ನೆನಪಾಗಿ ಒಂದು ಥರ ಕಸಿವಿಸಿಯಾಯಿತು. ಭಾರ್ಗವ್‌ಗೆ ಮೆಸೇಜ್ ಬರೆದಳು: ಅರ್ಧಕ್ಕರ್ಧ ಜನರಿಗೆ ತಾರೀಖು ಗೊತ್ತಿಲ್ಲ, ಸದ್ಯಕ್ಕೆ ಜನವರಿ ಒಂದು ಹಾಕಿಸುತ್ತಿದ್ದೇನೆ, ದಯವಿಟ್ಟು ಚೌಕ ಬದಲಾಯಿಸಿ. ಭಾರ್ಗವ್ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ಅಲ್ಲಿಗೆ ಆ ಮಾತು ಮುಗಿಯಿತು.

ಜನವರಿ ಒಂದರಂದು ಸಾವಿರದ ಇನ್ನೂರು ಜನರಿಗೆ ಆಸ್ಪತ್ರೆಯ ಹೆಸರಿನಲ್ಲಿ ಸಾಫ್ಟ್‌ವೇರಿನಿಂದ ತಾನಾಗಿಯೇ ಹುಟ್ಟುಹಬ್ಬದ ಶುಭಾಶಯದ ಮೆಸೇಜ್ ಹೋಯಿತು. ಮೊಮ್ಮಕ್ಕಳು ಓದಿ ಹೇಳಿ, ಮುದುಕರೆಲ್ಲ ಆಶ್ಚರ್ಯಪಟ್ಟು, ಕೌಂಟರಿಗೆ ಫೋನು ಮಾಡಿದರು. ಮಧುಕರ್ ಅದನ್ನು ನಗುತ್ತಾ ಹೇಳಿದ, ಜಲಜಾಳೂ ನಕ್ಕಳು. ಆ ನಗು ನೆನಪಾದರೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತದೆ.

ಜನವರಿ ಇಪ್ಪತ್ತೆರಡು, ಗುರುವಾರ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಕೌಂಟರಿನ ಪಕ್ಕ ಕೂರುವುದು ಜಲಜಾಳ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಅವಳು ಹೋದಾಗ ಜಗಳ ಶುರುವಾಗಿತ್ತು.

"ಅಜ್ಜಿ, ನಿಮ್ಗೆ ಬಲಗಣ್ಣಿನ ಆಪರೇಷನ್ ಆಗಿದೆ. ಡಿಸೆಂಬರ್ ಹದಿನೆಂಟು. ಇಲ್ಲೇ ತೋರಿಸ್ತಾ ಇದೆ."

"ಯಾರಿಗೆ?"

"ನಿಮ್ಗೇ."

"ನಂಗೆ ಆಪರೇಷನ್ ಆಗವಾಗ ನಾನೆಲ್ಲಿದ್ದೆ?"

ಸಾಲಿನಲ್ಲಿದ್ದವರು ನಕ್ಕರು. ಕೇಳಿದ ಹೆಂಗಸು ನಗಲಿಲ್ಲ. ಸಣ್ಣ ಮೈಕಟ್ಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ಹಳದಿ ಸೀರೆ, ಹೆಗಲ ಮೇಲೆ ಬಿಡಿಸಿಬಿಟ್ಟ ಒದ್ದೆಗೂದಲು. ಪಕ್ಕದಲ್ಲಿ ಬಟ್ಟೆಯ ಚೀಲ ಹಿಡಿದ ಮಗಳು ಹಂಸ. ತಾಯಿಯ ಹೆಸರು ಪಿಳ್ಳಮ್ಮ. ಮರ್ಫಿ ಟೌನಿನವಳು. ಹಲಸೂರಿನ ಸೀರೆ ಅಂಗಡಿಗಳಿಗೆ ಸೆರಗಿನ ಕುಚ್ಚು ಕಟ್ಟಿಕೊಡುವುದು ಅವಳ ಕಸುಬು; ಇಪ್ಪತ್ತಾರು ವರ್ಷದಿಂದ ಅದೇ. ಸೆರಗಿನ ಎಳೆ ಎಳೆಯನ್ನೂ ಬಿಡಿಸಿ ಗಂಟು ಹಾಕುವ ಕೆಲಸಕ್ಕೆ ಕಣ್ಣೇ ಬಂಡವಾಳ. ಬಲಗಣ್ಣಿಗೆ ಈಗ ಬೆಳಕು ಮಾತ್ರ ತಿಳಿಯುತ್ತಿತ್ತು, ಎಡಗಣ್ಣಿಗೂ ಮಂಜು ಕವಿದಿತ್ತು. ಹೋದ ತಿಂಗಳು ಎರಡು ಸೀರೆಯ ಗಂಟು ಸೊಟ್ಟಗಾಗಿ ವಾಪಸ್ ಬಂದಿದ್ದವು. ಇನ್ನೊಂದು ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಇದನ್ನೆಲ್ಲ ಹಂಸ ಕೌಂಟರಿಗೂ ಹೇಳಿದ್ದಳು, ಆಮೇಲೆ ಜಲಜಾಗೂ ಹೇಳಿದಳು, ಕೇಳಿದವರಿಗೆಲ್ಲ ಹೇಳುತ್ತಿದ್ದಳು.

"ನಾಲ್ಕು ತಿಂಗಳಿಂದ ಕಾಯ್ತಿವ್ನಿ," ಎಂದಳು ಪಿಳ್ಳಮ್ಮ. "ಇವತ್ತೇ ಬಾ ಅಂತ ನೀವೇ ಚೀಟಿ ಕೊಟ್ಟಿದ್ದು. ಮೂರು ದಿನದಿಂದ ಹನಿ ಹಾಕ್ಕೊಂಡಿವ್ನಿ. ಆಪರೇಷನ್ ಆದ್ಮೇಲೆ ತಲೆಗೆ ನೀರು ಹಾಕಂಗಿಲ್ಲ ಅಂತ ಬೆಳಿಗ್ಗೆನೇ ತಲೆ ತೊಳ್ಕೊಂಡು ಬಂದಿವ್ನಿ. ಈಗ ಆಗೋಗೈತೆ ಅಂತೀಯಲ್ಲಪ್ಪಾ!"

"ನಾನಲ್ಲ ಅಜ್ಜಿ ಅನ್ನೋದು, ಸಿಸ್ಟಂ ಅಂತಿದೆ. ನಿಮ್ಮ ಚೀಟಿ ಕ್ಯಾನ್ಸಲ್ ಆಗಿದೆ." ಮಧುಕರ್ ದನಿ ತಗ್ಗಿಸಿದ. "ನಿಮ್ಮ ಹೆಸ್ರಲ್ಲಿ ಬೇರೆ ಯಾರನ್ನಾದ್ರೂ ಕಳ್ಸಿದ್ರಾ? ನಿಜ ಹೇಳಿ. ಬೇಕಂದ್ರೆ ಹೊಸದಾಗಿ ಹೆಸ್ರು ಬರ್ಸಿ. ಜುಲೈಗೆ ಕೊಡ್ತೀನಿ."

ಪಿಳ್ಳಮ್ಮನಿಗೆ ಮಾತು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವಳು ಕೌಂಟರಿನ ಕಟ್ಟೆಗೆ ಎರಡೂ ಕೈ ಊರಿ, ಮುಖವನ್ನು ಕಂಡಿಯ ಹತ್ತಿರಕ್ಕೆ ತಂದಳು.

"ನೋಡು. ಕಣ್ಣು ಇಲ್ಲೈತೆ. ಅದೇನು ಆ ಡಬ್ಬ ನೋಡ್ತೀಯಾ? ನನ್ನ ಕಣ್ಣು ನೋಡು. ಆಪರೇಷನ್ ಆಗಿರೋ ಕಣ್ಣೇನೋ ಇದು? ಕಳ್ಳಿ ಅಂತೀಯಾ ನನ್ನ?"

ಮಧುಕರ್ ನೋಡಲಿಲ್ಲ. ಜಲಜಾಳ ಕಡೆ ತಿರುಗಿ, "ಅಂಥೋರು ಜಾಸ್ತಿ ಆಗಿದಾರೆ ಮೇಡಂ, ಈಗ ಎರಡು ವಾರದಿಂದ," ಎಂದ.

ಎರಡು ವಾರದಿಂದ! ಮನುಷ್ಯಳೊಬ್ಬಳು ಬೆಳ್ಳಗಾದ ಕಣ್ಣನ್ನು ತಂದು ಗೇಣು ದೂರದಲ್ಲಿ ಹಿಡಿದಿದ್ದಾಳೆ, ಇವನಿಗೆ ಪರದೆಯಲ್ಲಿ ಬಂದದ್ದೇ ಹೆಚ್ಚು. ಕಣ್ಣಾಸ್ಪತ್ರೆಯಲ್ಲಿ ಕೂತು ಕಣ್ಣು ನೋಡುವುದಿಲ್ಲವೆಂದರೆ ಇವನು ಇಲ್ಲಿ ನೋಡುವುದಾದರೂ ಏನನ್ನು? ಜಲಜಾ ಅವನನ್ನು ಪಕ್ಕಕ್ಕೆ ಸರಿಸಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

ಪಿಳ್ಳಮ್ಮ. ಹುಟ್ಟಿದ ತಾರೀಖು 01/01/1962. ಪಿನ್‌ಕೋಡ್ ಹಲಸೂರಿನದು. ಕೆಳಗೆ ಎರಡು ನೋಂದಣಿ ಸಂಖ್ಯೆಗಳು, ಅವುಗಳ ನಡುವೆ ಒಂದು ಸಣ್ಣ ಸಾಲು: ಒಬ್ಬರೇ ಎರಡು ಸಲ ನೋಂದಾಯಿಸಿರುವುದರಿಂದ ಜನವರಿ ನಾಲ್ಕರಂದು ಒಂದುಗೂಡಿಸಲಾಗಿದೆ.

ಅವಳಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಹೆಸರು ಒಂದೇ, ತಾರೀಖು ಒಂದೇ, ಪಿನ್‌ಕೋಡ್ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದು ಯಾರೋ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದಾರೆ. ಹಲಸೂರಿನ ಸುತ್ತ ಪಿಳ್ಳಮ್ಮ ಎಂದು ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ಡಿಸೆಂಬರಿನ ಆಪರೇಷನ್ ಅಂಥ ಇನ್ನೊಬ್ಬ ಪಿಳ್ಳಮ್ಮನದು. ಮುನಿಯಮ್ಮ, ಮುನಿಯಪ್ಪ ಎಂದರೆ ಕೇಳುವುದೇ ಬೇಡ. ಎಲ್ಲರೂ ಚೀನಾ ಯುದ್ಧದ ವರ್ಷದವರು, ಎಲ್ಲರಿಗೂ ಜನವರಿ ಒಂದು. ಆ ಜನವರಿ ಒಂದನ್ನು ಹಾಕಿಸಿದವಳು ತಾನು. ರಾಮು ಇದ್ದಿದ್ದರೆ ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದರು, ಬೈಯಬೇಕಾದದ್ದೇ.

"ಬನ್ನಿ ಅಮ್ಮ," ಎಂದು ಅವಳು ಕೌಂಟರಿನಿಂದ ಈಚೆ ಬಂದು ಪಿಳ್ಳಮ್ಮನ ಕೈ ಹಿಡಿದಳು. "ಡಾಕ್ಟರ ಹತ್ರ ಹೋಗೋಣ."

"ಮೇಡಂ, ಸ್ಲಿಪ್ ಇಲ್ದೆ ಒಳಗೆ ಬಿಡಲ್ಲ," ಎಂದ ಮಧುಕರ್.

"ನೀವು ಬಿಡೋದು ಬೇಡ. ನಾನೇ ಕರ್ಕೊಂಡು ಹೋಗ್ತೀನಿ."

ಡಾಕ್ಟರ್ ಯಮುನಾ ಅವರ ಕೋಣೆಯ ಬಾಗಿಲಲ್ಲಿ ಇನ್ನೊಬ್ಬ ಅಡ್ಡ ಬಂದ. ಜಲಜಾ ಅವನಿಗೆ ಏನೆಂದಳೋ ಅವಳಿಗೇ ಸರಿಯಾಗಿ ನೆನಪಿಲ್ಲ, ಆದರೆ ಅವನು ಜಾಗ ಬಿಟ್ಟ. ಯಮುನಾ ಪಿಳ್ಳಮ್ಮನ ಗದ್ದವನ್ನು ಯಂತ್ರದ ಮೇಲೆ ಇರಿಸಿ ಬೆಳಕು ಬಿಟ್ಟರು. ಹತ್ತು ಸೆಕೆಂಡೂ ಆಗಲಿಲ್ಲ.

"ಈ ಕಣ್ಣನ್ನ ಯಾರೂ ಮುಟ್ಟಿಲ್ಲ. ಪೊರೆ ಪೂರ್ತಿ ಬಲಿತಿದೆ. ಯಾರು ಹೇಳಿದ್ದು ಆಪರೇಷನ್ ಆಗಿದೆ ಅಂತ?"

"ನಮ್ಮ ಸಾಫ್ಟ್‌ವೇರು," ಎಂದಳು ಜಲಜಾ.

ಯಮುನಾ ತಮ್ಮ ಮೇಜಿನ ಪರದೆಯಲ್ಲಿ ಹೆಸರು ತೆರೆದರು, ಓದುತ್ತಾ ಹೋದರು. "ಅಮ್ಮಾ, ನಿಮ್ಗೆ ಶುಗರ್ ಇದ್ಯಾ?"

"ಎಂಟು ವರ್ಷದಿಂದ ಗುಳಿಗೆ ನುಂಗ್ತಿವ್ನಲ್ಲ."

"ಇಲ್ಲಿ ಇಲ್ಲ ಅಂತಿದೆ." ಡಾಕ್ಟರ ದನಿ ಗಡುಸಾಯಿತು. "ಲೆನ್ಸಿನ ಪವರೂ ಇನ್ನೊಬ್ರದ್ದು. ನೋಡಿ ಮೇಡಂ, ಇವ್ರದ್ದು ಎಡಗಣ್ಣಿಗೆ ಬುಕ್ ಆಗಿದ್ದಿದ್ರೆ ಕೌಂಟರಲ್ಲಿ ಯಾರೂ ತಡೀತಾನೇ ಇರ್ಲಿಲ್ಲ. ಶುಗರ್ ಇಲ್ಲ ಅಂತ ನಂಬಿ, ಯಾರದೋ ಪವರಿನ ಲೆನ್ಸು ಇವ್ರ ಕಣ್ಣಿಗೆ ಇಟ್ಟು ಕಳಿಸ್ತಿದ್ದೆ. ನನ್ನ ಕೈಯಿಂದ ಮಾಡಿಸ್ತಿದ್ರಿ ನೀವು ಇದನ್ನ." ಅವರು ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಮೇಜಿನ ಖಾನೆಯಿಂದ ಬಿಳಿ ಹಾಳೆ ತೆಗೆದರು. "ಬರೀರಿ. ಎಲ್ಲಾ ಹೊಸದಾಗಿ. ಶುಗರ್ ನೋಡಿ, ಕಣ್ಣಿನ ಅಳತೆ ತಗೊಂಡು, ಸರಿಯಿದ್ರೆ ಇವತ್ತಿನ ಪಟ್ಟಿಯ ಕೊನೆಯಲ್ಲಿ ಮಾಡ್ತೀನಿ."

ಜಲಜಾ ಬರೆದಳು. ಹೆಸರು, ವಿಳಾಸ, ಮಗಳ ಫೋನ್ ನಂಬರು. ತಾರೀಖಿಗೆ ಬಂದಾಗ ಪೆನ್ನು ನಿಲ್ಲಿಸಿ ಕೇಳಿದಳು, "ನೀವು ಹುಟ್ಟಿದ್ದು ಯಾವಾಗ ಅಮ್ಮ?"

"ಚೀನಾ ಯುದ್ಧ. ಕೆರೆ ಪಕ್ಕ ಮಿಲಿಟರಿ ಲಾರಿ ಮೂರು ದಿನ ಒಂದೇ ಸಮ ಹೋದ್ವಂತೆ. ಸೂಲಗಿತ್ತಿ ರಸ್ತೆ ದಾಟಕ್ಕಾಗ್ದೆ ಆ ಕಡೆನೇ ನಿಂತಿದ್ಲಂತೆ. ಮೂರನೇ ದಿನ ಲಾರಿ ನಿಂತ್ಮೇಲೆ ನಾನು ಹುಟ್ಟಿದ್ದು ಅಂತ ನಮ್ಮವ್ವ ಹೇಳೋಳು. ಡಿಸೆಂಬರಲ್ಲಿ ಆ ಹುಡುಗುಂಗೂ ಇದನ್ನೇ ಹೇಳ್ದೆ. ಕೇಳ್ಕೊಳ್ಳಿಲ್ಲ."

ಗೊತ್ತಿಲ್ಲವಂತೆ ತಾರೀಖು! ಇಷ್ಟು ಗೊತ್ತಿರುವವಳ ಬಾಯಿ ಮುಚ್ಚಿಸಿ, ಅವಳ ಹುಟ್ಟಿಗೆ ಯಾವ ಸಂಬಂಧವೂ ಇಲ್ಲದ ಒಂದು ದಿನವನ್ನು ಅಂಟಿಸಿದ್ದರು. ಜಲಜಾ ಡಾಕ್ಟರ ಮೇಜಿನ ಮೇಲಿದ್ದ ಕೆಂಪು ಪೆನ್ನು ಕೇಳಿ ತೆಗೆದುಕೊಂಡು 'ಅಂ.' ಎಂದು ಬರೆದಳು, ಅದರ ಮುಂದೆ ನೀಲಿಯಲ್ಲಿ 1962. ನಿವೃತ್ತಳಾಗಿ ಏಳು ವರ್ಷದ ಮೇಲೆ ಅವಳು ಆ ಎರಡು ಬಣ್ಣ ಒಂದೇ ಸಾಲಿನಲ್ಲಿ ಬರೆದದ್ದು.

ಮಧ್ಯಾಹ್ನ ಎರಡೂವರೆಗೆ ಪಿಳ್ಳಮ್ಮನನ್ನು ಒಳಗೆ ಕರೆದೊಯ್ದರು. ಮೂರೂಕಾಲಿಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವಳು ಮಗಳನ್ನು ಕೇಳಿದ ಮೊದಲ ಮಾತು, "ಈಗ ಆ ಡಬ್ಬದಲ್ಲಿ ಏನು ಬರ್ಕೊಂಡವ್ರೆ ಕೇಳು."

ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಆ ಒಂದು ನಿಲ್ದಾಣದಷ್ಟು ಹೊತ್ತಿನಲ್ಲಿ ಜಲಜಾಳ ಸಿಟ್ಟು ಇಳಿಯಲಿಲ್ಲ. ಗಾಜಿನ ಕೋಣೆಯಲ್ಲಿ ಭಾರ್ಗವ್ ಮಾರನೇ ದಿನ ಟ್ರಸ್ಟ್‌ನವರಿಗೆ ತೋರಿಸಬೇಕಾದ ಚಿತ್ರಗಳನ್ನು ಸಿದ್ಧಮಾಡುತ್ತಿದ್ದ. ಪರದೆಯ ಮೇಲೆ ದೊಡ್ಡ ಹಸಿರು ಅಂಕಿ: ನಲವತ್ತಾರು. ಕೆಳಗೆ, ನಕಲಿ ನೋಂದಣಿಗಳನ್ನು ಪತ್ತೆಹಚ್ಚಿ ತೆಗೆಯಲಾಗಿದೆ ಎಂಬ ಸಾಲು. ಆಶ್ರಿತಾ ಆ ಹಸಿರನ್ನು ಇನ್ನಷ್ಟು ಕಣ್ಣಿಗೆ ಹೊಡೆಯುವಂತೆ ಮಾಡುತ್ತಿದ್ದಳು.

"ಆ ನಲವತ್ತಾರರಲ್ಲಿ ಒಬ್ರನ್ನ ಈಗ ನೋಡ್ಕೊಂಡು ಬಂದೆ," ಎಂದಳು ಜಲಜಾ. "ಅವ್ರು ನಕಲಿ ಅಲ್ಲ. ಬಲಗಣ್ಣು ಕಾಣಲ್ಲ ಅವ್ರಿಗೆ, ಅಷ್ಟೇ."

ನಿಂತುಕೊಂಡೇ ಎಲ್ಲ ಹೇಳಿದಳು. ಕಳ್ಳಿ ಅನ್ನಿಸಿಕೊಂಡದ್ದನ್ನೂ ಹೇಳಿದಳು, ಡಾಕ್ಟರು ಹೇಳಿದ್ದನ್ನೂ ಹೇಳಿದಳು. ಭಾರ್ಗವ್ ಮುಖ ಸಣ್ಣದಾಯಿತು, ಆದರೆ ಬೇಗನೇ ಚೇತರಿಸಿಕೊಂಡ.

"ಒಂದುಗೂಡಿಸೋ ನಿಯಮ ಸರಿಯಾಗೇ ಇದೆ ಮೇಡಂ. ಹೆಸ್ರು, ಊರು, ಹುಟ್ಟಿದ ತಾರೀಖು ಮೂರೂ ಒಂದೇ ಇರೋ ಇಬ್ರು ಸಿಗೋದು ಲಕ್ಷಕ್ಕೊಂದು. ತಪ್ಪು ತಾರೀಖು ತುಂಬಿದ್ರೆ ಯಾವ ಸಿಸ್ಟಂ ಏನ್ಮಾಡುತ್ತೆ? ಇದು ಯೂಸರ್ ಎರರ್. ಜನವರಿ ಒಂದು ಹಾಕಿ ಅಂತ ಕೌಂಟರಿನೋರಿಗೆ ಹೇಳ್ಕೊಟ್ಟಿದ್ದು ಯಾರು?"

"ನಾನು."

ಅವನು ಇದನ್ನು ಎದುರುನೋಡಿರಲಿಲ್ಲ.

"ನಾನೇ ಹೇಳ್ಕೊಟ್ಟೆ," ಎಂದಳು ಜಲಜಾ. "ಮೂವತ್ತೊಂದು ವರ್ಷ ಮಾಡದೇ ಇದ್ದ ತಪ್ಪನ್ನ ಅವತ್ತು ಮಾಡಿದೆ. ಅದನ್ನ ನಿಮ್ಗೆ ಮೆಸೇಜಲ್ಲೂ ಬರೆದೆ. ನೀವು ಹೆಬ್ಬೆಟ್ಟು ಒತ್ತಿದ್ರಿ. ಓದಿದ್ರೋ ಇಲ್ವೋ ನಂಗೊತ್ತಿಲ್ಲ. ನನ್ನ ತಪ್ಪು ನಾನು ಟ್ರಸ್ಟಿನೋರ ಮುಂದೆ ಹೇಳ್ತೀನಿ, ಡಾಕ್ಟರ ಮುಂದೆ ಆಗ್ಲೇ ಹೇಳಾಯ್ತು. ಆದ್ರೆ ನನ್ನ ಕೈಲಿ ಅದನ್ನ ಮಾಡಿಸಿದ್ದು ಏನು ಹೇಳಿ? ಗೊತ್ತಿಲ್ಲ ಅಂತ ಬರೆಯೋಕೆ ನೀವು ಜಾಗಾನೇ ಬಿಟ್ಟಿರ್ಲಿಲ್ಲ. ಸುಳ್ಳು ಹೇಳಿದ್ರೆ ಮಾತ್ರ ಮುಂದಕ್ಕೆ ಬಿಡ್ತೀನಿ ಅಂತ ಬಾಗ್ಲಲ್ಲಿ ಕೂತಿತ್ತು ನಿಮ್ಮ ಕೆಂಪು ನಕ್ಷತ್ರ. ಸರಿ, ಸುಳ್ಳು ಹೇಳಿದ್ವಿ. ಆಮೇಲೆ ಆ ಸುಳ್ಳನ್ನೇ ಸಾಕ್ಷಿ ಮಾಡ್ಕೊಂಡು ಒಬ್ಬ ಹೆಂಗಸನ್ನ ಕಳ್ಳಿ ಅಂದ್ರಿ. ಇದಕ್ಕೆ ಕ್ಲೀನ್ ಡೇಟಾ ಅಂತ ಹೆಸ್ರು!"

ಆಶ್ರಿತಾ ಪರದೆಯ ಮೇಲಿನ ಹಸಿರು ಅಂಕಿಯನ್ನು ಅಳಿಸಿದಳು.

"ಮುಂದಿನ ರಿಲೀಸಲ್ಲಿ ಮಾಡೋಣ ಮೇಡಂ," ಎಂದ ಭಾರ್ಗವ್ ಮೆಲ್ಲಗೆ. "ಮಾರ್ಚ್ ಕೊನೆಗೆ."

"ಮೂರು ಚೌಕದ ಚಿತ್ರ ನಾನು ಅವತ್ತೇ ಬರೆದಿಟ್ಟಿದೀನಿ," ಎಂದಳು ಆಶ್ರಿತಾ, ಯಾರ ಮುಖವನ್ನೂ ನೋಡದೆ. "ಅಂದಾಜು ಟಿಕ್ಕೂ ಇದೆ."

ಸಕ್ಲೇನ್ ಅಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದಿದ್ದ. "ಒಂದುಗೂಡಿಸೋದನ್ನ ಈಗ್ಲೇ ನಿಲ್ಸಿದೀನಿ. ಚೌಕ ಇವತ್ತೇ ಬದಲಾಯಿಸ್ಬೋದು, ಅದೇನು ದೊಡ್ಡ ಕೆಲ್ಸ ಅಲ್ಲ," ಎಂದ. ಸ್ವಲ್ಪ ಹೊತ್ತಿನ ಮೇಲೆ ನಲವತ್ತಾರರ ಪಟ್ಟಿಯನ್ನೂ ತೆಗೆದು ಕೊಟ್ಟ. ಅದರಲ್ಲಿ ನಿಜಕ್ಕೂ ಎರಡು ಸಲ ಹೆಸರು ಬರೆಸಿದ್ದವರು ಮೂವರು. ಮಿಕ್ಕ ನಲವತ್ಮೂರು ಕಡೆ ಇಬ್ಬಿಬ್ಬರನ್ನು ಒಬ್ಬರನ್ನಾಗಿ ಮಾಡಿಟ್ಟಿದ್ದರು. ಪಿಳ್ಳಮ್ಮನನ್ನು ಬಿಟ್ಟರೆ, ಆಪರೇಷನ್ ಆಗಿದೆ ಎಂದು ಕೌಂಟರಿನಿಂದ ವಾಪಸ್ ಕಳಿಸಿದ್ದು ಹನ್ನೊಂದು ಜನರನ್ನು.

ಹನ್ನೊಂದು ಜನರಿಗೂ ಇವತ್ತೇ ಫೋನು ಮಾಡಬೇಕು ಎಂದಳು ಜಲಜಾ. ಹೀಗೆ ವಾಪಸ್ ಹೋದವರಿಗಾಗಿ ಶನಿವಾರ ಪೂರ್ತಿ ಬಿಟ್ಟುಕೊಡುತ್ತೇನೆ ಎಂದು ಡಾಕ್ಟರ್ ಯಮುನಾ ಆಗಲೇ ಹೇಳಿದ್ದರು. ಅವಳೂ ಆಶ್ರಿತಾಳೂ ಹಂಚಿಕೊಂಡು ಹತ್ತು ಜನಕ್ಕೆ ಮಾಡಿದರು. ಕೆಲವರು ಬೈದರು. ಒಬ್ಬಾಕೆ ಅತ್ತಳು. ಲಿಂಗರಾಜಪುರದ ಒಬ್ಬ ಮುದುಕ ಐದು ನಿಮಿಷ ಬಿಡದೆ ಬೈದು, ಕೊನೆಗೆ ಶನಿವಾರ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದ. ಪ್ರತಿಯೊಬ್ಬರಿಗೂ ಜಲಜಾ ಒಂದೇ ಮಾತು ಹೇಳಿದಳು: ತಪ್ಪು ನಮ್ಮದು, ನಿಮ್ಮದಲ್ಲ.

ಭಾರ್ಗವ್ ಮೇಜಿನ ಆಚೆ ಬದಿ ಕೂತಿದ್ದ. ಎದ್ದು ಹೋಗಲಿಲ್ಲ ಎಂಬುದನ್ನು ಅವನ ಪರವಾಗಿ ಹೇಳಬೇಕು.

ಹನ್ನೊಂದನೆಯ ಹೆಸರು ಮುನಿಆಂಜನಪ್ಪ, ಕೆ.ಆರ್. ಪುರ. ಜಲಜಾ ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ, ಭಾರ್ಗವ್‌ನ ಮುಂದಿಟ್ಟಳು.

"ಇದೊಂದು ನೀವು ಮಾಡಿ."

ಅವನು ಬೇಡವೆನ್ನುವಷ್ಟರಲ್ಲಿ ಆ ಕಡೆಯಿಂದ ದನಿ ಬಂತು. ಭಾರ್ಗವ್ ಫೋನಿನತ್ತ ಬಾಗಿದ. ಕಣ್ಣಾಸ್ಪತ್ರೆಯ ಕಡೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಬಲಗಣ್ಣಿನ ಆಪರೇಷನ್ ವಿಷಯ, ನೀವು ಶನಿವಾರ ಬರಬೇಕು ಎಂದ.

"ಆಗೋಗೈತಲ್ಲ ಸ್ವಾಮಿ ನಂದು," ಎಂದಿತು ದನಿ.

ಭಾರ್ಗವ್ ತಲೆಯೆತ್ತಿ ಜಲಜಾಳನ್ನು ನೋಡಿದ. "ಇಲ್ಲ ಸಾರ್, ಆಗಿಲ್ಲ. ಅದು..."

"ಆಗೈತೆ ಸ್ವಾಮಿ. ಅವತ್ತು ಬಂದಿದ್ದಾಗ ಅಲ್ಲಿ ಹುಡುಗ ಹೇಳ್ದ. ನಾನು ಆಗಿಲ್ಲ ಅಂದೆ. ಕಂಪ್ಯೂಟ್ರಲ್ಲಿ ಬಂದೈತೆ ತಾತ ಅಂದ. ಮನೆಗೆ ಬಂದು ಕುಂತ್ಕೊಂಡು ಯೋಚ್ನೆ ಮಾಡ್ದೆ. ಕ್ಯಾಂಪಲ್ಲಿ ಕಣ್ಣಿಗೆ ಹನಿ ಹಾಕಿ, ಕತ್ಲೆ ರೂಮಲ್ಲಿ ಲೈಟ್ ಬಿಟ್ಟು ನೋಡಿದ್ರಲ್ಲ, ಅದೇ ಆಪರೇಷನ್ ಇರ್ಬೇಕು, ನಂಗೇ ತಿಳೀಲಿಲ್ಲ ಅನ್ಕೊಂಡೆ. ಓದಿಲ್ಲ ಬರೆದಿಲ್ಲ, ನಂಗೇನು ಗೊತ್ತಾಗ್ತದೆ? ಆದ್ಮೇಲೂ ಇಷ್ಟೇ ಕಾಣೋದು, ನನ್ನ ಹಣೇಲಿ ಇಷ್ಟೇ ಬರೆದಿರೋದು ಅಂತ ಸುಮ್ಕಾದೆ. ಎರಡನೇ ಸಲ ಬಂದು ನಿಮ್ಗೆಲ್ಲಾ ತೊಂದ್ರೆ ಕೊಟ್ಟೆ. ಗೊತ್ತಿಲ್ದೆ ಮಾಡಿದ್ದು. ತಪ್ಪಾಯ್ತು ಸ್ವಾಮಿ."

ಭಾರ್ಗವ್ ಫೋನನ್ನು ಎತ್ತಿ ಜಲಜಾಳ ಕಡೆಗೆ ಚಾಚಿದ.

"ಸ್ವಾಮಿ? ಇದೀರಾ?" ಎಂದಿತು ಫೋನು.

ಜಲಜಾ ಕೈ ಚಾಚಲಿಲ್ಲ.

"ತಪ್ಪಾಯ್ತು ಅಂತಿದಾರೆ ಅವ್ರು," ಎಂದಳು. "ಯಾರ ತಪ್ಪು ಅಂತ ಹೇಳಿ, ಭಾರ್ಗವ್."